ಒಂದೇ ಉಪ್ಪು

ಹತ್ತು ಗುಳಿಗೆಯ ಪಟ್ಟಿಗೆ ಇನ್ನೂರ ಹದಿನೆಂಟು ರೂಪಾಯಿ.
ಬೆಳ್ಳಿ ಹಾಳೆ, ನೀಲಿ ಅಕ್ಷರ,
ಹೆಸರು ಯಾರೋ ಶ್ರೀಮಂತರ ಮನೆಯ ಮಗುವಿಗೆ ಇಟ್ಟ ಹಾಗೆ.
ಅಶೋಕ ರಸ್ತೆಯ ಪಂಪಣ್ಣ ಕತ್ತರಿಯಲ್ಲಿ
ಐದು ಕತ್ತರಿಸಿ ಕೊಡುತ್ತಿದ್ದ ಮೊದಮೊದಲು.
ಆಮೇಲೆ ನಾಲ್ಕು.
ಶನಿವಾರ ಬಟವಾಡೆ. ಗುರುವಾರ, ಶುಕ್ರವಾರ
ನನ್ನ ತಲೆಯೊಳಗೆ ಅಂಗಡಿ ಮುಚ್ಚಿರುತ್ತಿತ್ತು.

ಅಡಕೊತ್ತಿನಲ್ಲಿ ಗುಳಿಗೆ ಸೀಳಿದ್ದೇನೆ.
ಅರ್ಧ ಹಾರಿ ಒಲೆಯ ಬುಡಕ್ಕೆ ಬಿದ್ದು
ಬೂದಿಯಲ್ಲಿ ಬೆರಳಾಡಿಸಿ ಹುಡುಕಿದ್ದೇನೆ,
ಮೂಗುತಿ ಕಳಕೊಂಡವಳ ಹಾಗೆ.
ಬಿಟ್ಟ ದಿನ ಕಣ್ಣು ಹೊರಳಿಸಿದರೆ
ತಲೆಯೊಳಗೆ ಹಳೇ ಟ್ಯೂಬ್‌ಲೈಟು ಮಿಣುಕ್ ಮಿಣುಕ್.
ಬೆಳಗಿನ ಮೂರಕ್ಕೆ ಭಟ್ಟಿಯಲ್ಲಿ ಮರಳು ಕಾದು
ಅಕ್ಕಿ ಚಟಪಟ ಅರಳುವಾಗ
ನಾನು ಚೀಲದ ಲೆಕ್ಕ ತಪ್ಪಿ, ಮತ್ತೆ ಒಂದರಿಂದ.

ಅತ್ತೆಗೆ ಹೇಳಿದ್ದು ರಕ್ತದ ಗುಳಿಗೆ ಅಂತ.
ಗುಲಾಬಿ ಬಣ್ಣ ಇತ್ತಲ್ಲ, ನಂಬಿದಳು.

ಜಿಲ್ಲಾ ಆಸ್ಪತ್ರೆಯ ಡಾಕ್ಟ್ರಮ್ಮ ಕೇಳಿದರು,
ನಡುನಡುವೆ ಯಾಕೆ ಬಿಡ್ತೀಯಾ?
ಮರೆತೆ ಅಂದೆ. ಸುಳ್ಳಿಗೆ ದುಡ್ಡು ಬೇಕಾಗಲ್ಲ.
ಅವರು ಚೀಟಿ ತಿರುಗಿಸಿದರು. ಹಿಂದುಗಡೆ ನನ್ನ ಪೆನ್ಸಿಲ್ ಲೆಕ್ಕ:
ಮೂರು ಪಟ್ಟಿ, ಆರುನೂರ ಐವತ್ನಾಲ್ಕು,
ಕಳೆ ಗ್ಯಾಸು, ಕಳೆ ಹುಡುಗಿಯ ಫೀಸು,
ಕೊನೆಗೆ ಉಳಿದದ್ದು ಒಂದು ಪ್ರಶ್ನೆಯ ಗೆರೆ.
ಬಹಳ ಹೊತ್ತು ನೋಡಿದರು. ನನಗೆ ಸೆರಗು ಎಳೆದುಕೊಳ್ಳಬೇಕು ಅನಿಸಿತು.

ಆಮೇಲೆ ಆ ಚೆಂದದ ಹೆಸರನ್ನು ಅಡ್ಡ ಗೀಟೆಳೆದು ಹೊಡೆದು
ಉದ್ದಕ್ಕೆ ಇನ್ನೊಂದು ಬರೆದರು. ನಾಲಿಗೆ ಹೊರಳದ ಹೆಸರು.
ಇದು ಸಾಲ್ಟ್ ಹೆಸರಮ್ಮ. ಜನೌಷಧಿಯಲ್ಲಿ ಕೇಳು.
ಹೊದಿಕೆ ಬೇರೆ, ಒಳಗಿನ ಸಾಲ್ಟ್ ಒಂದೇ.
ಸಾಲ್ಟ್ ಅಂದ್ರೆ ಉಪ್ಪಲ್ಲವಾ ಮೇಡಂ?
ಒಂಥರಾ ಹೌದು, ಅಂತ ನಕ್ಕರು.
ಮತ್ತೆ ನಗು ನಿಲ್ಲಿಸಿ: ಆದರೆ ತಾನಾಗಿ ಬಿಡಬೇಡ, ಸೀಳಬೇಡ,
ದುಡ್ಡಿಲ್ಲದಿದ್ದರೆ ನನಗೆ ಹೇಳು.

ಇಪ್ಪತ್ತಾರು ರೂಪಾಯಿ.
ಕೌಂಟರಿನ ಹುಡುಗ ಹೇಳಿದಾಗ ನನಗೆ ಹೆದರಿಕೆ ಆಯಿತು.
ಇಷ್ಟು ಅಗ್ಗ ಅಂದ್ರೆ ಒಳಗೆ ಏನೋ ಕಡಿಮೆ ಇರಬೇಕು,
ಸುಣ್ಣದ ಹರಳು, ಹಿಟ್ಟಿನ ಉಂಡೆ.
ಎರಡು ದಿನ ಡಬ್ಬಿಯಲ್ಲೇ ಇಟ್ಟೆ.

ಮೂರನೇ ದಿನ ಭಟ್ಟಿಯಲ್ಲಿ
ಅಕ್ಕಿಗೆ ಉಪ್ಪುನೀರು ಹಾಕುತ್ತಾ ಹೊಳೆಯಿತು.
ಹೊಳೆಯಿತು ಅಂದರೆ ನಗು ಬಂತು, ಒಬ್ಬಳಿಗೇ.
ಸಾಹುಕಾರರ ಮಂಡಕ್ಕಿ ಎರಡು ಚೀಲಕ್ಕೆ ಹೋಗುತ್ತದೆ:
ಬೋಳು ಚೀಲ, ನವಿಲಿನ ಚಿತ್ರದ ಚೀಲ.
ಅದೇ ಬಾಣಲೆ, ಅದೇ ಮರಳು, ಅದೇ ಉಪ್ಪು,
ಎರಡರ ಬಾಯನ್ನೂ ಹೊಲಿಯುವುದು ನನ್ನ ಕೈಯೇ.
ನವಿಲಿಗೆ ಹದಿನೈದು ರೂಪಾಯಿ ಹೆಚ್ಚು.
ಇಷ್ಟು ವರ್ಷ ಹೊಲಿದಿದ್ದೇನೆ. ಗುಳಿಗೆ ವಿಷಯಕ್ಕೆ ಮಾತ್ರ
ನವಿಲನ್ನೇ ನಂಬಿದ್ದೆ.

ಅತ್ತೆ ಕೇಳಿದಳು,
ರಕ್ತದ ಗುಳಿಗೆ ಬೆಳ್ಳಗಾತಲ್ಲೇ?
ರಕ್ತ ಸ್ವಲ್ಪ ಬಂತು ಅತ್ತೆ, ಅದಕ್ಕೆ ಬಣ್ಣ ಬೇಡಂತೆ.
ಹೂಂ ಅಂದಳು. ಪೂರ್ತಿ ನಂಬಿದಳು ಅಂತ ಹೇಳಲಾರೆ.

ಟ್ಯೂಬ್‌ಲೈಟು ನಿಂತಿತು. ಖುಷಿ ಬಂತೇ?
ಹಾಗೇನಿಲ್ಲ. ಗುರುವಾರ ಬಂತು,
ಅದು ಬರೀ ಗುರುವಾರದ ಹಾಗಿತ್ತು.
ಅಷ್ಟು ಸಾಕು ನನಗೆ.

ಮೊನ್ನೆ ಶಾಹಿದಾಬಿ, ನನ್ನ ಪಕ್ಕದ ಬಾಣಲೆಯವಳು,
ಮಡಿಸಿ ಮಡಿಸಿ ಬೀಡಿಯಷ್ಟಾದ ಚೀಟಿಯನ್ನು
ಅಂಗೈಗೆ ತುರುಕಿದಳು. ನೀನು ಹೋಗ್ತೀಯಲ್ಲ, ತಂದ್ಬಿಡು.
ನಾನು ಬಿಚ್ಚಲಿಲ್ಲ. ಕೌಂಟರಿನ ಹುಡುಗ ಬಿಚ್ಚಿದ,
ಎರಡೂ ಚೀಟಿ ಜೋಡಿಸಿ ನೋಡಿ ಅಂದ,
ಎರಡೂ ಒಂದೇ ಅಕ್ಕಾರೆ, ಬಿಲ್ಲು ಬೇರೆ ಬೇರೆ ಮಾಡ್ಲಾ?

ಎಷ್ಟಾತು? ಕೇಳಿದಳು ಶಾಹಿದಾಬಿ.
ಇಪ್ಪತ್ತಾರು.
ಮರಳು ಕೆದಕುವ ಕೋಲು ನಿಂತಿತು.
ಎದುರಿನ ಹೊಗೆ ಹಿಡಿದ ಗೋಡೆಯನ್ನೇ ನೋಡಿದಳು,
ಮೂರು ವರ್ಷದ ಲೆಕ್ಕ
ಅಲ್ಲಿ ಯಾರೋ ಬರೆದಿಟ್ಟಿದ್ದಾರೆ ಎಂಬ ಹಾಗೆ.
ಬಾಣಲೆಯಲ್ಲಿ ಅಕ್ಕಿ ಸೀಯತೊಡಗಿತು.
ನಾನೇ ಕೋಲು ತಗೊಂಡು ಕೆದಕಿದೆ.