ಮದ್ದಿಗೆ ಬೇಕೆಂದರೂ

ಲಿಯುಯಾಂಗಿನ ಹೊರವಲಯದ ನಮ್ಮೂರಲ್ಲಿ ಮದ್ದಿಗೆ ಮೂರು ಮನೆ.
ಒಂದು ಪೆಂಗ್ ಮುದುಕನ ಅಂಗಡಿ, ಗೋಡೆ ತುಂಬ ಮರದ ಖಾನೆ,
ಜೀರುಂಡೆ ಕಳಚಿದ ಪೊರೆ, ಕಿತ್ತಳೆ ಸಿಪ್ಪೆ, ಜ್ಯೇಷ್ಠಮಧು.
ಇನ್ನೊಂದು ಗದ್ದೆಯ ಹುಳುವಿಗೆ,
ಬಾಗಿಲಲ್ಲೇ ಮೂಗು ಮುಚ್ಚಬೇಕು.
ಮೂರನೆಯದು ಗುಡ್ಡದ ಮರೆಯಲ್ಲಿ:
ಒಬ್ಬೊಬ್ಬರಿಗೆ ಒಂದೊಂದು ಕೋಣೆ, ನಡುವೆ ಮಣ್ಣಿನ ದಿಬ್ಬ.
ಅಲ್ಲಿ ಅಮ್ಮ ಕಾಗದದ ಕೊಳವೆಗೆ ಕರಿ ಮದ್ದು ತುಂಬುತ್ತಾಳೆ.
ನೈಲಾನು ಕೂಡದು, ಬೆಳಿಗ್ಗೆ ಮನೆಯಲ್ಲಿ ಜಗಳವೂ ಕೂಡದು.
ಒಳಗೆ ಕಾಲಿಡುವ ಮುನ್ನ ಬಾಗಿಲ ತಾಮ್ರದ ಗುಂಡು ಮುಟ್ಟಿ
ಮೈಯ ಕಿಡಿಯನ್ನೆಲ್ಲ ನೆಲಕ್ಕೆ ಇಳಿಸಬೇಕು.

ಮೂರಕ್ಕೂ ಒಂದೇ ಪದ.
ಏಳು ವರ್ಷದ ನನ್ನನ್ನು ಮದ್ದು ತಾ ಎಂದು ಓಡಿಸಿದರೆ
ಕಳಿಸಿದವರ ಮುಖ ನೋಡಿ ತಿಳಿಯಬೇಕು:
ಕೆಮ್ಮೋ, ಕಾಂಡಕೊರಕವೋ, ಮದುವೆಯೋ.

ಬರೆಯಲು ಕಲಿಸಿದವಳು ಹೈತಾಂಗ್ ಅತ್ತೆ.
ಮೇಲೆ ಹುಲ್ಲು ಬರಿ, ಅಂದಳು. ಹುಲ್ಲಿನ ಕೆಳಗೆ
ನಮ್ಮಜ್ಜಿಯ ಕಾಲದಲ್ಲಿ ಸಂತೋಷ ಬರೆಯುತ್ತಿದ್ದರು.
ಗೀಟು ಜಾಸ್ತಿಯಾಯಿತೆಂದು ತೆಗೆದರು.
ಈಗ ಅಲ್ಲಿ ಕೊಟ್ಟ ಮಾತು ಬರೆಯುತ್ತೇವೆ.
ನಕ್ಕಳು. ಪೆನ್ಸಿಲ್ಲಿನ ಮೊನೆ ಮುರಿಯಿತು.
ಅವಳಿಗೂ ಒಬ್ಬ ಮಾತು ಕೊಟ್ಟಿದ್ದ,
ಶೆನ್‌ಜೆನ್‌ನಲ್ಲಿ ಕ್ರೇನು ನಡೆಸುವವನು.

ಭತ್ತ ಹೊಡೆಯಾಗುವ ತಿಂಗಳು. ಶಾಲೆಯಿಂದ ಬಂದರೆ
ಅಂಗಳದ ತುಂಬ ಚಪ್ಪಲಿ. ಯಾರೋ ಹೇಳಿದರು,
ನಿಮ್ಮತ್ತೆ ಮದ್ದು ಕುಡಿದಳು.
ಒಳ್ಳೆಯದಾಯಿತು, ಅಂದೆ. ನಾಳೆ ಗುಣವಾಗುತ್ತಾಳೆ.
ಅಜ್ಜಿಯ ಅಂಗೈ ಬಂದು ನನ್ನ ಬಾಯಿ ಮುಚ್ಚಿತು,
ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಂಗೈ.

ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮದ್ದಿಗೆ ಮದ್ದು ಕೊಟ್ಟರು.
ಬದುಕಿ ಬಂದಳು, ನೂಲಿನಷ್ಟು ದನಿ ಉಳಿಸಿಕೊಂಡು.
ಆಮೇಲೆ ನಮ್ಮ ಮನೆಯಲ್ಲಿ ಆ ಪದ
ಮದ್ದಿಗೆ ಬೇಕೆಂದರೂ ಸಿಗುತ್ತಿರಲಿಲ್ಲ.
ಅಮ್ಮ ತುಂಬುವುದು ಕರಿ ಹಿಟ್ಟಾಯಿತು.
ಅಪ್ಪ ಗದ್ದೆಗೆ ಹೊಡೆಯುವುದು ಬರೀ ನೀರಾಯಿತು,
ಆ ನೀರಿನ ಡಬ್ಬಕ್ಕೆ ಬೀಗ ಬಿತ್ತು.
ಪೆಂಗ್ ಮುದುಕನ ಪೊಟ್ಟಣ ಬರೀ 'ಅದು'.
ಸಂಜೆಯೆಲ್ಲ ಮಣ್ಣಿನ ಕುಡಿಕೆಯಲ್ಲಿ 'ಅದು' ಕುದಿಯುತ್ತಿತ್ತು
ಮೂರು ಬಟ್ಟಲು ನೀರು ಒಂದಕ್ಕಿಳಿಯುವವರೆಗೆ.

ಉಳಿದ ಗಸಿಯನ್ನು ಅಜ್ಜಿ ಹಾದಿಯ ನಡುವೆ ಚೆಲ್ಲುತ್ತಿದ್ದಳು:
ತುಳಿದವರ ಅಂಗಾಲಿಗಂಟಿ ಕಾಯಿಲೆ ಊರು ದಾಟಲಿ.
ಬೈಕುಗಳು ಹೋದವು. ಬಾತುಗಳು ಹೋದವು.
ಅಂಚೆಯವನು ತಿಳಿದವನು, ಬಳಸಿಕೊಂಡು ಹೋದ.
ಯಾರೂ ಸರಿಯಾಗಿ ತುಳಿಯುತ್ತಿಲ್ಲ ಅನ್ನಿಸಿತು ನನಗೆ.
ಕತ್ತಲಾದ ಮೇಲೆ ನಾನೇ ಹೋಗಿ ತುಳಿದೆ, ಬರಿಗಾಲಲ್ಲಿ,
ಬೆರಳ ಸಂದಿಗೂ ಹತ್ತುವಂತೆ. ಇನ್ನೂ ಬೆಚ್ಚಗಿತ್ತು.
ಕಾದೆ. ಏನೂ ಆಗಲಿಲ್ಲ.
ಕಾಲು ತೊಳೆಯದೆ ಹಾಸಿಗೆ ಹತ್ತಿದ್ದಕ್ಕೆ ಬೈಸಿಕೊಂಡೆ.

ಪಶ್ಚಾತ್ತಾಪಕ್ಕೆ ಯಾವ ಅಂಗಡಿಯಲ್ಲೂ ಇಲ್ಲ
ಅನ್ನುತ್ತಾರೆ ನಮ್ಮ ಕಡೆ.
ಅತ್ತೆ ಹುಡುಕಿಕೊಂಡು ಹೋಗಲೂ ಇಲ್ಲ. ಚಳಿ ಶುರುವಾದಾಗ
ಗುಡ್ಡದ ಮರೆಯ ಕೋಣೆಯೊಂದನ್ನು ಕೇಳಿದಳು.
ಅವಳ ಕೈಗೆ ಅದನ್ನು ಕೊಡುವುದೇ? ಅಂದರು ನಾಲ್ಕು ಜನ.
ಅಮ್ಮ ಮಾತಾಡದೆ ತನ್ನ ಹತ್ತಿಯ ಅಂಗಿ ಕೊಟ್ಟಳು.
ದಿನವೂ ತಾಮ್ರದ ಗುಂಡಿನ ಮೇಲೆ ಅತ್ತೆಯ ಕೈ
ಎಲ್ಲರಿಗಿಂತ ತುಸು ಹೆಚ್ಚು ಹೊತ್ತು ಇರುತ್ತಿತ್ತಂತೆ,
ಇಳಿಸುವುದು ಇನ್ನೂ ಇದೆ ಎಂಬ ಹಾಗೆ.

ಹಳೆಯ ವರ್ಷದ ಕೊನೆಯ ರಾತ್ರಿ, ಹೊಳೆದಂಡೆ.
ಅಜ್ಜಿ ಕಿವಿಗೆ ಹತ್ತಿ ತುರುಕಿಕೊಂಡು ಕುಕ್ಕುರುಗಾಲಲ್ಲಿ ಕೂತಿದ್ದಾಳೆ.
ಒಂದು ಹಸಿರು ಮೇಲೇರಿ, ಗರಿಕೆಯಂತೆ ಎಸಳೆಸಳಾಗಿ ಬಾಗಿ
ಬಾನಗಲ ನಿಂತಿತು ಒಂದೇ ಒಂದು ಗಳಿಗೆ.
ಹುಲ್ಲು ಮೇಲೆ. ಅದರ ಕೆಳಗೆ
ಬಾಯಿ ತೆರೆದ ನಮ್ಮ ಮುಖಗಳು.

ಆ ಮದ್ದು ನಾನು ತುಂಬಿದ್ದು, ಅಂದಳು ಅತ್ತೆ,
ನೂಲಿನಷ್ಟು ದನಿಯಲ್ಲಿ.

ಯಾರೂ ಉಸಿರೆತ್ತಲಿಲ್ಲ.
ಅಜ್ಜಿ ಒಂದು ಕಿವಿಯ ಹತ್ತಿ ತೆಗೆದಳು.
ಏನಂದೆ? ಅಂದಳು.
ಇನ್ನೊಂದು ಸಲ ಹೇಳು.