ಆರು ಗಂಟೆಯ ಗೇಟು

ಕೋಡಿಬಾಗದ ಪಾರ್ಕಿಗೆ ಆರಕ್ಕೆ ಬೀಗ.
ಶಾಬಿ ಹರಿಕಂತ್ರ ಸೀಟಿ ಊದುತ್ತಾಳೆ:
ಜೋಕಾಲಿ ಬಿಡದ ಹುಡುಗನಿಗೊಂದು,
ಬೆಂಚಿನ ಇಬ್ಬರಿಗೆ ಇನ್ನೊಂದು, ಮೆಲ್ಲಗೆ.

ಯಾವನೋ ಕಲೆಕ್ಟರ ಹಾಕಿಸಿದ ಕಬ್ಬಿಣದ ಗೇಟು,
ಅವನ ಹೆಂಡತಿಯ ಹೆಸರನ್ನು ಉಪ್ಪುಗಾಳಿ ತಿಂದಿದೆ.
ಹಿಂದುಗಡೆ ಬರೀ ತಂತಿ. ಅದರಾಚೆ
ಕಾಂದಲ ಕಾಡು, ಕೆಸರು, ಕಾಳಿ;
'ಸಂರಕ್ಷಿತ ಪ್ರದೇಶ'ದ ಬೋರ್ಡಿನ ಮೇಲೆ
ಬಲೆ ಒಣಹಾಕಿದಂತೆ ರೆಕ್ಕೆ ಹರವಿದ ನೀರುಕಾಗೆ.

ಹುಣ್ಣಿಮೆಯ ಭರತಿ ಟಿಕೀಟಿಲ್ಲದೆ ನುಗ್ಗಿ
ಹುಲ್ಲಿನ ಮೇಲೆ ಬಿಟ್ಟುಹೋಗುತ್ತದೆ
ಒಂಟಿ ಚಪ್ಪಲಿ, ಏಡಿ,
ನುಗ್ಗೆಕಾಯಿಯಂಥ ಕಾಂದಲದ ಮೊಳಕೆ.

ಕಿತ್ತೆಸೆಯಬೇಕು, ಸಾಹೇಬರ ಆರ್ಡರು.
ಎಸೆದಳು ತಂತಿಯಾಚೆ. ಮತ್ತೆ ಬಂತು.
ಎಸೆದಳು.

ಈಗ ಬೆಂಚಿನ ಹಿಂದೆ ಎರಡೆಲೆ.
ಕೇಳಿದರೆ,
"ಅದಾ? ಗೇಟಿನಿಂದ ಬಂದದ್ದಲ್ಲ ಸಾಹೇಬ್ರೇ,
ನನ್ನ ರಿಜಿಸ್ಟರಿನಲ್ಲಿಲ್ಲ."