ನಾಲ್ಕು ಸಾವಿರದಲ್ಲೊಂದು ಹಳ್ಳ

ಗ್ದಾನ್‌ಸ್ಕ್‌ನಲ್ಲಿ, ಕಡಲದಂಡೆಗೆ ಹೋಗುವ ಟ್ರಾಮು ತಿರುಗುವಲ್ಲಿ
ಬ್ರೂನೊನ್‌ನ ಅಂಗಡಿ. ಬೋರ್ಡಿಲ್ಲ.
ಕಿಟಕಿಯಲ್ಲೊಂದು ಸತ್ತ ವಾಲ್ವು, ಪಕ್ಕದಲ್ಲಿ ಸತ್ತ ನೊಣ.
ವಾರಕ್ಕೆ ಮೂರು ದಿನ ನನಗಲ್ಲಿ ಕೆಲಸ:
ಬೆಸುಗೆ ಹಾಕುವುದು, ಚಹಾ ಕಾಸುವುದು,
ಅವನು ಹೇಳಿದ್ದನ್ನು ನೋಟುಬುಕ್ಕಿನಲ್ಲಿ ಬರೆಯುವುದು.
ಕೆಟಲು ಎಷ್ಟು ಸಿಳ್ಳೆ ಹಾಕಿದರೂ ಏಳುವವನಲ್ಲ ಅವನು.
ದೊಡ್ಡ ಮನುಷ್ಯ, ನಾನೇ ಏಳುತ್ತಿದ್ದೆ.

"ಮುಚ್ಚಿದ ಹೆಡ್‌ಫೋನು ಬಾವಿ," ಅನ್ನುತ್ತಿದ್ದ,
"ಕೂಗಿದ್ದು ತಿರುಗಿ ಮುಖಕ್ಕೇ ಬಡಿಯುತ್ತೆ.
ಬೆನ್ನು ತೆರೆದದ್ದು ಜಗಲಿ."
ಹಿಂದಿನ ಜಾಲರಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ,
ಪಿಟೀಲು ತಟ್ಟನೆ ಡಬ್ಬಿಯೊಳಗೆ ಬೀಳುತ್ತಿತ್ತು.
ಕೈ ತೆಗೆದರೆ ಎದ್ದು ಮೈ ಕೊಡವಿಕೊಳ್ಳುತ್ತಿತ್ತು;
ಅದರ ಹಿಂದೆಯೇ ಟ್ರಾಮಿನ ಗಾಲಿ, ಕಡಲಹಕ್ಕಿಗಳ ಜಗಳ,
ನಾನು ಲೋಟದಲ್ಲಿ ಚಮಚ ತಿರುವಿದ್ದು.

ಜೋಡಿ ಕೂಡಿಸುವಾಗ ಅವನಿಗೆ ದಾಕ್ಷಿಣ್ಯವಿಲ್ಲ.
ಮುನ್ನೂರು ಓಮಿನದ್ದಕ್ಕೆ ವಾಲ್ವಿನ ಆಂಪು,
ಹತ್ತು ನಿಮಿಷ ಕಾಯಿಸಿ, ಮುಟ್ಟಿದರೆ ಸುಡುವಷ್ಟು.
ಮೂವತ್ತೆರಡರದ್ದನ್ನು ಅದೇ ಆಂಪಿಗೆ ಕೊಟ್ಟರೆ
ಮಂದ್ರ ಊದಿಕೊಂಡು ನೆನೆದ ಕೋಟಿನ ಹಾಗೆ ಜೋಲುತ್ತೆ.
ತೆಳು ಹಾಳೆಯ ಪ್ಲೇನಾರಿಗೆ ಸದ್ದು ಹೆಚ್ಚಿಸಿದರೆ ಸಾಲದು,
ಕರೆಂಟು ಬೇಕು, ಹೊಟ್ಟೆ ತುಂಬ.
"ಕೂಗಿಸುವುದು ಬೇರೆ, ಉಣಿಸುವುದು ಬೇರೆ."
ಇದನ್ನೂ ಬರೆದುಕೊಂಡೆ.

ಶ್ಚೆಚಿನ್‌ನಿಂದ ಬರುತ್ತಿದ್ದರು, ಓಲ್ಶ್ಟಿನ್‌ನಿಂದ,
ಅವನ ಬಾಯಿಂದ ಬೀಳುವ ಒಂದು ಪದಕ್ಕಾಗಿ.
ಸಿಹಿ ಅಂದರೆ ಕೊಳ್ಳುತ್ತಿದ್ದರು.
ಮುಸುಕು ಅಂದರೆ ದಾರಿಯಲ್ಲೇ ಮಾರಿಬಿಡುತ್ತಿದ್ದರು.

ಡೊಬ್ರಾವಾ ಚರ್ಚೊಂದರಲ್ಲಿ ಆರ್ಗನ್ನಿನ ಕೊಳವೆ ಒರೆಸುವವಳು.
ಅವನು ಸಿಹಿ ಅಂದಿದ್ದ ಜೋಡಿಯನ್ನು ವಾಪಸು ತಂದಿಟ್ಟಳು.
"ಕಚ್ಚುತ್ತೆ," ಅಂದಳು,
"ತುತ್ತೂರಿ ಬಂದಲ್ಲೆಲ್ಲ ತಗಡು ಕೊಯ್ದ ಹಾಗೆ."
ಹಾಕಿಕೊಂಡ. ಕಣ್ಣು ಮುಚ್ಚಿದ.
ವಾಲ್ವು ಬದಲಿಸಿದ, ಆಂಪನ್ನೇ ಬದಲಿಸಿದ.
"ಇಲ್ಲವಲ್ಲ."
ನನ್ನತ್ತ ಚಾಚಿದ.

ಇತ್ತು.
ಮೊದಲಿನಿಂದಲೂ ಇತ್ತು. ಸಿಹಿ ಎಂದು ಬರೆದುಕೊಂಡವನು ನಾನೇ,
ನನ್ನ ಕಿವಿಯನ್ನು ಒಂದು ಮಾತೂ ಕೇಳದೆ.

ಅವನು ಏನೂ ಅನ್ನಲಿಲ್ಲ. ಕಪಾಟಿನ ತಳದಿಂದ
ಹಳೆಯ ಆಸಿಲೇಟರು ಎಳೆದು ಧೂಳು ಊದಿದ.
"ತಿರುಗಿಸು. ಕೇಳುವಷ್ಟು ಹೊತ್ತೂ ಬೆರಳು ಎತ್ತಿರುತ್ತೇನೆ."
ಸಾವಿರ. ಎರಡು ಸಾವಿರ. ಬೆರಳು ನೆಟ್ಟಗಿತ್ತು.
ಮೂರು ದಾಟುತ್ತಿದ್ದಂತೆ ಮೆಲ್ಲಗೆ ಬಾಗಿತು,
ನಾಲ್ಕರಲ್ಲಿ ಮೇಜಿನ ಮೇಲೆ ಮಲಗಿತ್ತು.
ಕೋಣೆಯಲ್ಲಿ ನಾವಿಬ್ಬರು ಹಲ್ಲು ಕಚ್ಚಿ ನಿಂತಿದ್ದೆವು.
ಎಂಟರ ಹತ್ತಿರ ಮತ್ತೆ ತುಸು ಎದ್ದಿತು, ನಿದ್ದೆಯಿಂದೆಂಬಂತೆ.

ಹದಿನೇಳು ವರ್ಷ ಹಡಗಿನ ಹೊಟ್ಟೆಯೊಳಗೆ ಕೂತು
ಸುತ್ತಿಗೆಯಲ್ಲಿ ತುಕ್ಕು ಕೆಡವಿದವನು.
ಕಿವಿಗೆ ಹತ್ತಿ ಇಟ್ಟುಕೊಂಡದ್ದೂ ಚಳಿಗೆ.

"ಎಷ್ಟು ಜನಕ್ಕೆ ಹೇಳಿದ್ದೀನಿ?" ಅಂದ.
ನೋಟುಬುಕ್ಕು ಕೊಟ್ಟೆ. ಎಣಿಸಲು ಶುರುಮಾಡಿ
ನಲವತ್ತರ ಆಚೆಗೆ ಬಿಟ್ಟುಬಿಟ್ಟ.
ಪೆನ್ನು ಕೇಳಿ, ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದ:
ಬ್ರೂನೊನ್‌ನ ಕಿವಿಗೆ.

ಆಮೇಲೆ ಅದೇ ಜೋಡಿಯನ್ನು ಮತ್ತೆ ಹಾಕಿಕೊಂಡು ಕೂತ.
ತೆರೆದ ಬೆನ್ನಿನಿಂದ ಸದ್ದು ಸೋರುತ್ತಿತ್ತು,
ಮಂದ್ರವೆಲ್ಲ ಒಳಗೇ ಉಳಿದು
ತೆಳ್ಳಗಿನ, ಚೂಪಾದ ಚೂರು ಮಾತ್ರ ಹೊರಗೆ.
ಅವನಿಗೆ ದಕ್ಕದ್ದೇ ನಮಗೆ ಕೇಳುತ್ತಿದ್ದದ್ದು.
ಡೊಬ್ರಾವಾ ಅವನ ಮುಂಗೈ ಮೇಲೆ
ತುತ್ತೂರಿ ಬಂದಾಗಲೆಲ್ಲ ಒಂದೊಂದು ಸಲ ತಟ್ಟಿದಳು.
ಅವನು ತಲೆದೂಗಿದ, ಅರ್ಧ ತಾಳ ತಪ್ಪಿ.

ಕೆಟಲು ಕೂಗಿತು.
ನಾನು ಎದ್ದೆ.